ರಾಡಾರ್ ಯಂತ್ರಗಳ ಪರಿಚಾರಕರು

1935ರಲ್ಲಿ ಡಾವೆಂಟ್ರಿಯ ಬಳಿ ವ್ಯಾಟ್ಸನ್-ವಾಟ್ ಮಹಾಶಯರು ನಡೆಸಿದ ಪ್ರಯೋಗದಿಂದ ದೃಢಪಟ್ಟ ರಾಡಾರ್ ವಿದ್ಯೆಯು ಐದೇ ವರ್ಷಗಳಲ್ಲಿ ಬ್ರಿಟನ್ನಿನ ರಕ್ಷಾಕವಚವಾಯಿತೆಂಬುದು ಸುವಿದಿತವಾದರೂ, ಆ ಯಂತ್ರಗಳನ್ನು ಅಹರ್ನಿಶಿ ಸುಸ್ಥಿತಿಯಲ್ಲಿರಿಸಿದ ಮೆಕ್ಯಾನಿಕರ ಶ್ರಮವು ಅಷ್ಟು ಪ್ರಸಿದ್ಧವಲ್ಲ. ಪ್ರೇಷಕಯಂತ್ರದ ಬೃಹತ್ ವಾಲ್ವುಗಳು ಬಿಚ್ಚಿ ಜೋಡಿಸುವಂಥವಾಗಿದ್ದುದರಿಂದ, ಸುಟ್ಟ ತಂತುವನ್ನು ಬದಲಿಸಿ, ಪಂಪಿನಿಂದ ಗಾಳಿಯನ್ನು ಹೀರಿ ಮರಳಿ ನಿರ್ವಾತಗೊಳಿಸುವುದೂ ಅವರ ಪಾಲಿನ ಕಾರ್ಯವೇ ಆಗಿತ್ತು. 1940ರ ಆಗಸ್ಟ್ 12ರಂದು ಜರ್ಮನ್ ಬಾಂಬುಗಳಿಗೀಡಾದ ಡೋವರ್, ರೈ, ಪೆವೆನ್ಸಿ ಕೇಂದ್ರಗಳು ಕೆಲವೇ ಗಂಟೆಗಳಲ್ಲಿ ಪುನಃ ಕಾರ್ಯೋನ್ಮುಖವಾದುವು. ಅಂದೇ ದಾಳಿಗೀಡಾದ ವೆಂಟ್ನರ್ ಕೇಂದ್ರ ಮಾತ್ರ ಹಲವು ದಿನ ಸ್ತಬ್ಧವಾಗಿತ್ತು. ಈ ವೃತ್ತಿಯಲ್ಲಿ ಪದೋನ್ನತಿಯೂ ಇತ್ತು: ಯೇಟ್ಸ್‌ಬರಿಯ ರೇಡಿಯೋ ಶಾಲೆಯಲ್ಲಿ ಕಾರ್ಪೊರಲ್ ದರ್ಜೆಯ ಶಿಕ್ಷಕರಾಗಿದ್ದ ಆರ್ಥರ್ ಸಿ. ಕ್ಲಾರ್ಕ್ ಅವರು 1943ರಲ್ಲಿ ಅಧಿಕಾರಿಯಾಗಿ, ಕವಿದ ಮಂಜಿನಲ್ಲೂ ವಿಮಾನವನ್ನು ನೆಲಕ್ಕಿಳಿಸುವ ರಾಡಾರಿನ ಕೆಲಸದಲ್ಲಿ ದುಡಿದು, ಫ್ಲೈಟ್ ಲೆಫ್ಟಿನೆಂಟ್ ಪದವಿಯಲ್ಲಿ ಸೇನೆಯಿಂದ ಹೊರಬಂದರು. ಯುದ್ಧವಿಜಯದ ಕೀರ್ತಿಯಲ್ಲಿ ವೈಮಾನಿಕರಿಗೆ ಸಲ್ಲುವಷ್ಟೇ ಪಾಲು ಈ ದುರಸ್ತಿಗಾರರಿಗೂ ಸಲ್ಲತಕ್ಕದ್ದು.