ಏಪ್ರಿಲ್ ಒಂದು : ವೀರಾಪುರದ ಸೋಮವಾರ

ಶರಣರ ಜಯಂತಿಗಳನ್ನು ತಿಥಿಯಿಂದ ಎಣಿಸುವುದು ನಾಡಿನ ರೂಢಿ. ಬಸವಣ್ಣನವರ ಜಯಂತಿ ವೈಶಾಖ ಶುದ್ಧ ತದಿಗೆಗೆ ಬರುವುದರಿಂದ ಒಂದು ವರ್ಷ ಏಪ್ರಿಲಿನಲ್ಲಿಯೂ ಮತ್ತೊಂದು ವರ್ಷ ಮೇ ತಿಂಗಳಿನಲ್ಲಿಯೂ ಬೀಳುತ್ತದೆ. ಸಿದ್ಧಗಂಗಾ ಮಠದ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಜನ್ಮದಿನವಾದರೋ ಏಪ್ರಿಲ್ 1 ಎಂದು ತಾರೀಖಿನ ಲೆಕ್ಕದಲ್ಲಿಯೇ ಜನರ ನೆನಪಿನಲ್ಲಿ ನೆಲೆನಿಂತಿದೆ. ಪಂಚಾಂಗವನ್ನು ತೆರೆಯದೆಯೇ ಶಾಲೆಯ ಮಗುವೂ ಅದನ್ನು ಹೇಳಬಲ್ಲದು. ಆ ದಿನದ ಸುತ್ತ ಕೂಡಿಕೊಂಡಿರುವ ಸಂಗತಿಗಳು ಕುತೂಹಲಕರವಾದವು. ಅವುಗಳಿಗೆ ಎಷ್ಟು ಬೆಲೆ ಕೊಡಬೇಕು, ಎಷ್ಟನ್ನು ಬರಿಯ ಎಣಿಕೆಯೆಂದು ಬಿಡಬೇಕು ಎಂಬುದು ವಚನಗಳನ್ನು ಓದಿದವರು ವಿಚಾರಿಸತಕ್ಕ ವಿಷಯ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡ, ಗಂಗಮ್ಮ ದಂಪತಿಗಳಿಗೆ ಶಿವಣ್ಣನೆಂಬ ಮಗನು ಜನಿಸಿದ್ದು 1907ನೆಯ ಇಸವಿಯಲ್ಲಿ. ಅಂದು ಸೋಮವಾರ. ಪರಾಭವ ಸಂವತ್ಸರದ ಫಾಲ್ಗುಣ ಬಹುಳ. ಯುಗಾದಿಗೆ ಎರಡು ವಾರವೂ ಉಳಿದಿರಲಿಲ್ಲ. ಹೀಗೆ ಹಳ್ಳಿಯ ಎಣಿಕೆಯಲ್ಲಿ ಅದು ವರ್ಷ ಮುಗಿಯುತ್ತಿದ್ದ ಕಾಲ. ಇಂದಿನ ಸರ್ಕಾರಿ ಲೆಕ್ಕಪತ್ರಗಳಲ್ಲಿ ಅದೇ ತಾರೀಖು ವರ್ಷದ ಮೊದಲ ದಿನ. ನೂರು ವರ್ಷಗಳ ಅನಂತರ, 2007ರಲ್ಲಿ, ಏಪ್ರಿಲ್ 1 ಭಾನುವಾರ ಬಂದಿತು. ತಿಥಿಯಿಂದ ಚೈತ್ರದ ಹುಣ್ಣಿಮೆಯ ಮುನ್ನಾದಿನ. ಸೂರ್ಯಮಾನದ 19 ವರ್ಷಗಳೂ ಚಾಂದ್ರಮಾನದ 235 ತಿಂಗಳುಗಳೂ ಹೆಚ್ಚುಕಡಮೆ ಸಮನಾಗಿರುವುದರಿಂದ, 1907ಕ್ಕೆ ಆರು ಬಾರಿ 19 ಕೂಡಿಸಿದ 2021ರಲ್ಲಿ ಆ ತಾರೀಖು ಮತ್ತೆ ಫಾಲ್ಗುಣ ಬಹುಳಕ್ಕೇ ಹಿಂದಿರುಗಿತು.

ತಾರೀಖು ಅಚಲವಾಗಿದ್ದರೂ ಊರಿನ ವಿಳಾಸ ಹಾಗಿರಲಿಲ್ಲ. ಶ್ರೀಗಳು ಜನಿಸಿದಾಗ ಮಾಗಡಿಯು ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಗೆ ಸೇರಿತ್ತು. 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು. ಶ್ರೀಗಳಿಗೆ ನೂರು ತುಂಬಿದ 2007ರ ಆಗಸ್ಟ್ ತಿಂಗಳಿನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಕೂಡಿ ರಾಮನಗರ ಜಿಲ್ಲೆ ಎನಿಸಿತು. 2025ರಲ್ಲಿ ಸರ್ಕಾರವು ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಕ್ಲೋಸ್‌ಪೇಟೆ ರಾಮನಗರವಾದುದನ್ನೂ ಕಾನಕಾನಹಳ್ಳಿ ಕನಕಪುರವಾದುದನ್ನೂ ಬಲ್ಲ ಈ ಸೀಮೆಗೆ ಹೆಸರಿನ ಬದಲಾವಣೆ ಹೊಸದೇನಲ್ಲ.

ಏಪ್ರಿಲ್ 1ನ್ನು ಮೂರ್ಖರ ದಿನವೆಂದು ನಗೆಯಾಡುವವರೂ ಉಂಟು. ಆದರೆ ಅದು ದುಡ್ಡಿನ ಲೆಕ್ಕದ ದಿನವೂ ಹೌದು. ಭಾರತೀಯ ರಿಸರ್ವ್ ಬ್ಯಾಂಕು ಕೆಲಸಕ್ಕೆ ತೊಡಗಿದ್ದು 1935ರ ಏಪ್ರಿಲ್ 1ರಂದು. ಶ್ರೀಗಳಿಗೆ ಐವತ್ತು ತುಂಬಿದ ದಿನವೇ, 1957ರಲ್ಲಿ, ರೂಪಾಯಿಗೆ 16 ಆಣೆ ಎಂಬ ಲೆಕ್ಕ ಕಳೆದು ನೂರು ನಯಾಪೈಸೆಯ ಲೆಕ್ಕ ಬಂದಿತು. ನೂರಹತ್ತು ತುಂಬಿದ 2017ರ ಅದೇ ದಿನ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಆ ಬ್ಯಾಂಕು ಹುಟ್ಟಿದಾಗ ಶಿವಣ್ಣ ಆರು ವರ್ಷದ ಬಾಲಕ. ಅದರ ಹೆಸರು ಅಳಿದಾಗಲೂ ಶ್ರೀಗಳು ಇಷ್ಟಲಿಂಗಪೂಜೆಯಲ್ಲಿ ನಿರತರಾಗಿ ಇದ್ದರು. ಒಂದು ಜೀವಿತದ ಉದ್ದವನ್ನು ಅಳೆಯಲು ಇಂತಹ ಅಂಶಗಳು ಬರಿಯ ವರ್ಷಸಂಖ್ಯೆಗಿಂತ ಹೆಚ್ಚು ಸಹಾಯಕ.

ಭಕ್ತರ ಮನಸ್ಸನ್ನು ವಿಶೇಷವಾಗಿ ಸೆಳೆಯುವುದು ವಾರದ ಹೊಂದಿಕೆ. ಶ್ರೀಗಳು ಹುಟ್ಟಿದ್ದು ಸೋಮವಾರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಶಿವಣ್ಣನವರು, ಮಠದ ಉತ್ತರಾಧಿಕಾರಿಗಳಾಗಿದ್ದ ಮರುಳಾರಾಧ್ಯರು ಅಗಲಿದ ಮೇಲೆ, ಉದ್ಧಾನ ಶಿವಯೋಗಿಗಳವರಿಂದ ಆಯ್ಕೆಗೊಂಡು ವಿರಕ್ತಾಶ್ರಮ ಸ್ವೀಕರಿಸಿದ 1930ರ ಮಾರ್ಚ್ 3 ಕೂಡ ಸೋಮವಾರ. ಲಿಂಗೈಕ್ಯರಾದ 2019ರ ಜನವರಿ 21 ಸಹ ಸೋಮವಾರವೇ. ಜನನದಿಂದ ಐಕ್ಯದವರೆಗೆ 40838 ದಿನಗಳು, ಅಂದರೆ ಒಂದು ದಿನವೂ ಹೆಚ್ಚಿಲ್ಲದೆ ಕಡಮೆಯಿಲ್ಲದೆ 5834 ವಾರಗಳು. ಐಕ್ಯದ ದಿನ ಪುಷ್ಯ ಶುದ್ಧ ಪೂರ್ಣಿಮೆ, ಬನದ ಹುಣ್ಣಿಮೆ. ಅಂದೇ ಚಂದ್ರಗ್ರಹಣವೂ ಘಟಿಸಿತು. ಆ ಹೊತ್ತಿನಲ್ಲಿ ಇಲ್ಲಿ ಹಗಲಾಗಿದ್ದುದರಿಂದ ಭಾರತದಲ್ಲಿ ಅದು ಕಾಣಲಿಲ್ಲ.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅದೊಂದು ಪವಾಡದ ಕಥೆಯಾಗಿ ಬೆಳೆಯಲು ಹೊತ್ತು ಬೇಕಾಗದು. ಆದರೆ ಶ್ರೀಗಳ ಬಾಳಿನ ಅತಿ ಭಾರವಾದ ದಿನ ಈ ಸಾಲಿಗೆ ಸೇರುವುದಿಲ್ಲ. ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾಗಿ ಮಠದ ಸಮಸ್ತ ಹೊಣೆ ಅವರ ಹೆಗಲಿಗೇರಿದ 1941ರ ಜನವರಿ 11 ಶನಿವಾರ. ಅಂದಿನಿಂದ ಹೊತ್ತ ಹೊಣೆಯೇ ಕ್ರಮೇಣ ಬೆಳೆದು ಸುಮಾರು ಹತ್ತು ಸಾವಿರ ಮಕ್ಕಳ ಅನ್ನ, ವಸತಿ, ವಿದ್ಯೆಗಳ ತ್ರಿವಿಧ ದಾಸೋಹವಾಯಿತು. ವಾರ, ತಿಥಿ, ನಕ್ಷತ್ರಗಳಿಗೆ ಶುಭಾಶುಭಗಳನ್ನು ಅಂಟಿಸುವುದನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲಿಲ್ಲವೆಂಬುದು ವಚನಾಭ್ಯಾಸಿಗಳಿಗೆಲ್ಲ ತಿಳಿದದ್ದೇ. ಶರಣರು ನಡೆದುದೇ ಶುಭದಿನ ಎಂಬ ನಿಲುವಿನವರಿಗೆ ಮೂರು ಸೋಮವಾರಗಳೂ ಒಂದು ಶನಿವಾರವೂ ಒಂದೇ. ಹೊಂದಿಕೆಯನ್ನು ಕಂಡು ಸಂತೋಷಪಡುವುದರಲ್ಲಿ ದೋಷವಿಲ್ಲ. ಅದನ್ನು ಪ್ರಮಾಣವೆಂದು ಮುಂದಿಡುವುದು ಮಾತ್ರ ಶರಣಮಾರ್ಗಕ್ಕೆ ಸಲ್ಲದು.

ಹೀಗಾಗಿ ಸ್ಮರಣೆಗೆ ಯಾವ ದಿನ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಉಳಿದಿವೆ. ಏಪ್ರಿಲ್ 1 ಗುರುವಂದನೆಯ ದಿನ. 2020ರಲ್ಲಿ ದೇಶವೇ ಬಾಗಿಲು ಮುಚ್ಚಿದ್ದ ಕಾರಣ ಆ ದಿನ ಜನ ಕೂಡುವಂತಿರಲಿಲ್ಲ. ಐಕ್ಯದ ಜನವರಿ 21ನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಕರೆದಿದೆ. ಆ ಹೆಸರಿಗೆ ಆಧಾರ ಅಂದಿನ ಘಟನೆಯಲ್ಲಿಯೇ ಇದೆ. 2019ರ ಆ ಸೋಮವಾರ ಹುಣ್ಣಿಮೆ ಪೂರ್ಣಗೊಂಡದ್ದು ಬೆಳಗ್ಗೆ 10 ಗಂಟೆ 46 ನಿಮಿಷದ ಸುಮಾರಿಗೆ. ಶ್ರೀಗಳು ಐಕ್ಯರಾದದ್ದು 11 ಗಂಟೆ 44 ನಿಮಿಷಕ್ಕೆ. ಸುದ್ದಿ ಮಾತ್ರ ಕೂಡಲೆ ಹೊರಬೀಳಲಿಲ್ಲ. ಕೇಳಿದರೆ ಮಕ್ಕಳು ಎಲೆಯ ಮುಂದಿನಿಂದ ಎದ್ದುಬಿಟ್ಟಾರೆಂದು, ಅವರ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ತಿಳಿಸಬೇಕೆಂಬುದು ಶ್ರೀಗಳ ಇಚ್ಛೆಯಾಗಿತ್ತು. ಮಕ್ಕಳ ಪ್ರಸಾದ ಮುಗಿಯುವವರೆಗೆ ಮಠವು ಕಾದಿತು.