ನೀಲಗಿರಿಯ ಬಿತ್ತನೆ ಬೀಜ: ಹಟ್ಟಿಯಲ್ಲಿ ಉಳಿದದ್ದು, ಪೊಟ್ಟಣದಲ್ಲಿ ಬಂದದ್ದು

ನೀಲಗಿರಿಯ ತೋಟಗಾರಿಕೆಯ ಚರಿತ್ರೆಯನ್ನು ಜಾನ್ ಸಲಿವನ್‌ನಿಂದ ಆರಂಭಿಸುವುದು ರೂಢಿ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಆತ 1819ರಲ್ಲಿ ಬೆಟ್ಟ ಹತ್ತಿದ. ಯುರೋಪಿನ ಕಾಯಿಪಲ್ಲೆಗಳು ಅವನ ಹಿಂದೆಯೇ ಬಂದವು. ಬೀಜದ ಚರಿತ್ರೆಗೆ ಈ ಆರಂಭ ಸಾಲದು. 1603ರಲ್ಲಿ ಜೆಸ್ಯುಯಿಟ್ ಪಾದ್ರಿ ಫಿನಿಸಿಯೋ ಬಂದಾಗಲೇ ಬಡಗರು ಅಲ್ಲಿ ನೆಲೆಸಿದ್ದರು. ಮೈಸೂರು ಸೀಮೆಯಿಂದ ವಲಸೆ ಬಂದವರೆಂದು ಹೇಳಿಕೊಳ್ಳುವ, ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಈ ಬೇಸಾಯಗಾರರು ರಾಗಿ, ಸಾಮೆ, ಕೊರಲಿ, ಗೋಧಿ, ಗಂಜೆ ಎಂದು ಕರೆಯುವ ಬಾರ್ಲಿ ಇವನ್ನು ಬೆಳೆಯುತ್ತಿದ್ದರು. ಜೊತೆಗೆ ಕಾಳಿಗಾಗಿ ಬೆಳೆಯುವ ದಂಟೂ ಇತ್ತು. ಕಾಳಿನ ದಂಟಿನ ತವರು ಅಮೆರಿಕ ಖಂಡ. ಹಳೆಯ ತಳಿ ಎಂದರೆ ಹೊರಗಿನಿಂದ ಬರದ ತಳಿ ಎಂದು ಭಾವಿಸುವವರು ಈ ಒಂದು ಬೆಳೆಯನ್ನಾದರೂ ಗಮನಿಸಬೇಕು.

ಈ ಕಾಳುಗಳ ಬಿತ್ತನೆ ಒಬ್ಬೊಬ್ಬರ ಮನೆವಾರ್ತೆಯಾಗಿರಲಿಲ್ಲ. ಬಿತ್ತುವ ಕಾಲಕ್ಕೆ ನೆರೆಯ ಕುರುಂಬ ಬುಡಕಟ್ಟಿನವನೊಬ್ಬನನ್ನು ಕರೆಸಿ ಮೊದಲ ಹಿಡಿ ಬೀಜ ಚೆಲ್ಲಿಸುವುದೂ, ಕೊಯ್ಲಿನಲ್ಲಿ ಮೊದಲ ತೆನೆಯನ್ನು ಅವನಿಂದಲೇ ಕೊಯ್ಯಿಸುವುದೂ ವಾಡಿಕೆಯಾಗಿತ್ತು. 19ನೇ ಶತಮಾನದ ಬರಹಗಳು ಇದನ್ನು ಕುರುಂಬರ ಮಂತ್ರದ ಭಯವೆಂದು ಬರೆದು ಮುಗಿಸಿವೆ. ಅದರ ಇನ್ನೊಂದು ಫಲ ಅವುಗಳ ಕಣ್ಣಿಗೆ ಬೀಳಲಿಲ್ಲ: ಇಡೀ ಹಟ್ಟಿ ಒಂದೇ ಕಾಲಕ್ಕೆ ಹೊಲಕ್ಕಿಳಿಯುವುದಕ್ಕೆ ಅದೊಂದು ಕಟ್ಟಳೆಯಾಗಿತ್ತು.

ಉದಕಮಂಡಲದಲ್ಲಿ, ಅಂದರೆ ಊಟಿಯಲ್ಲಿ, ಬೇರೆಯೇ ವ್ಯವಸ್ಥೆ ಬೆಳೆಯಿತು. 1845ರ ಹೊತ್ತಿಗೆ ಅಲ್ಲಿನ ಯುರೋಪಿಯನ್ನರು ತಿಂಗಳಿಗೆ 3 ರೂಪಾಯಿ ಚಂದಾ ಕೂಡಿಸಿ ತರಕಾರಿ ತೋಟವೊಂದನ್ನು ಮಾಡಿದರು. ಅದು ನಡೆಯಲಿಲ್ಲ. ಸಾರ್ವಜನಿಕ ತೋಟದ ಯೋಜನೆ ಹುಟ್ಟಿ, 1848ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ಮೆಕ್‌ಐವರ್ ಬಂದ. ಇಂದಿನ ಸಸ್ಯೋದ್ಯಾನಕ್ಕೆ ರೂಪ ಕೊಟ್ಟವನು ಆತನೇ.

ಈ ಎರಡು ಪರಂಪರೆಗಳಲ್ಲಿ ಯಾವ ಬೀಜ ಮನೆಯಲ್ಲಿ ಉಳಿಯಿತು, ಯಾವುದು ಅಂಗಡಿಯ ಪಾಲಾಯಿತು ಎಂಬುದಕ್ಕೆ ಮಾರುಕಟ್ಟೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಹೂವಿನ ಗುಣವನ್ನೂ ನೋಡಬೇಕು. ರಾಗಿ, ಸಾಮೆ, ಗಂಜೆ ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಳು ಕಟ್ಟುತ್ತವೆ. ಬಟಾಣಿ, ಬೀನ್ಸ್, ಬಂಗಲೆಯ ಬೇಲಿಗೆ ಹಬ್ಬಿಸುವ ಸ್ವೀಟ್ ಪೀ ಕೂಡ ಹಾಗೆಯೇ. ಹಿತ್ತಲಲ್ಲಿ ನಾಲ್ಕು ಸಾಲು ಬೆಳೆದು, ಒಳ್ಳೆಯ ತೆನೆಯನ್ನೋ ಕಾಯನ್ನೋ ಎತ್ತಿಟ್ಟುಕೊಂಡರೆ ತಳಿ ಕೆಡುವುದಿಲ್ಲ. ಕ್ಯಾರೆಟ್, ಎಲೆಕೋಸು, ಬೀಟ್‌ರೂಟ್‌ಗಳದ್ದು ಬೇರೆ ಕಥೆ. ಇವು ಎರಡು ವರ್ಷದ ಗಿಡಗಳು. ವಾರಗಟ್ಟಲೆ ಚಳಿ ತಿಂದ ಮೇಲೆಯೇ ಹೂವಿನ ದಂಟು ಎತ್ತುತ್ತವೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ, ಇಬ್ಬನಿ ಹೆಪ್ಪುಗಟ್ಟುವ ಚಳಿಗಾಲದಲ್ಲಿ, ಅಂಥ ಚಳಿ ಸಿಗುತ್ತದೆ. ದಕ್ಷಿಣ ಭಾರತದಲ್ಲಿ ಈ ಅನುಕೂಲವಿರುವ ಜಾಗಗಳು ಕೆಲವೇ. ಆದರೆ ಬೀಜಕ್ಕೆ ಬಿಟ್ಟ ಸಾಲು ಅಷ್ಟು ಕಾಲ ಹೊಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೇನುನೊಣ ಕ್ಯಾರೆಟ್ಟಿಗೂ ಕೋಸಿಗೂ, ಗಾಳಿ ಬೀಟ್‌ರೂಟಿಗೂ ಪಕ್ಕದ ಹೊಲದ ಪರಾಗ ತಂದು ಬೆರೆಸುತ್ತವೆ. ಪ್ರತಿವರ್ಷ ಪೊಟ್ಟಣ ಕೊಳ್ಳುವ ಅಭ್ಯಾಸ ಬೇರೂರಿದ್ದು ಹೀಗೆ. ಸಂಕರ ತಳಿಗಳು ಅದನ್ನು ಇನ್ನಷ್ಟು ಗಟ್ಟಿಮಾಡಿದವು.

ಆಲೂಗಡ್ಡೆ ಬೀಜದಿಂದಲ್ಲ, ಗಡ್ಡೆಯಿಂದಲೇ ಮುಂದುವರಿಯುವ ಬೆಳೆ. ಗಡ್ಡೆ ಮಣ್ಣನ್ನೂ ಹೊತ್ತು ತರುತ್ತದೆ. ಆ ಮಣ್ಣಿನೊಡನೆ ಹರಡುವ, ಆಲೂಗಡ್ಡೆಯ ಬೇರು ತಿನ್ನುವ ಹೊಂಬಣ್ಣದ ಜಂತುಹುಳು 1961ರಲ್ಲಿ ಇಲ್ಲಿ ಪತ್ತೆಯಾಯಿತು. ಹಳೆಯ ಕಾಳಿನ ಹೊಲಗಳನ್ನು ಆವರಿಸಿದ್ದು ಮೊದಲು ಆಲೂಗಡ್ಡೆ, ಅನಂತರ ಚಹಾ.

ಹಳೆಯ ಕ್ಯಾರೆಟ್ ಅಥವಾ ಕೋಸಿನ ತಳಿಯನ್ನು ಶುದ್ಧವಾಗಿ ಉಳಿಸಲು ಬೀಜದ ಹೊಲಗಳ ನಡುವೆ ಸುಮಾರು 1 ಕಿಲೋಮೀಟರ್ ಅಂತರ ಬೇಕು. ನೀಲಗಿರಿಯ ಕೇತಿ ಕಣಿವೆಯಲ್ಲಿ ಒಬ್ಬರ ಮೆಟ್ಟಿಲು ಹೊಲಕ್ಕೆ ಇನ್ನೊಬ್ಬರದು ತಾಗಿಕೊಂಡೇ ಇದೆ. ಅಲ್ಲಿ ಒಂಟಿ ಮನೆಯಿಂದ ಈ ಕೆಲಸ ಆಗದು. ಯಾರು ಯಾವ ವರ್ಷ ಏನನ್ನು ಹೂಬಿಡಿಸಬೇಕೆಂದು ಅಕ್ಕಪಕ್ಕದ ಹಟ್ಟಿಗಳು ಕೂತು ಗೊತ್ತುಮಾಡಿಕೊಳ್ಳಬೇಕು.