ಮೇಲಿರುವವನು ಎಲ್ಲಿದ್ದಾನೆ?

1963ರ ಮಾರ್ಚ್ 17, ಭಾನುವಾರ. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆ ಬಿಡಿಸಿದ ಓದುಗರು ಬೆಚ್ಚಿದರು. ದೇವರ ಬಗೆಗೆ ನಾವು ಕಟ್ಟಿಕೊಂಡ ಚಿತ್ರ ತೊಲಗಬೇಕು ಎಂದು ಅಲ್ಲಿ ಬರೆದಿದ್ದವರು ನಾಸ್ತಿಕರಲ್ಲ. ವುಲಿಚ್‌ನ ಆಂಗ್ಲಿಕನ್ ಬಿಷಪ್ ಜಾನ್ ರಾಬಿನ್‌ಸನ್. ಎರಡು ದಿನಗಳ ನಂತರ ಹೊರಬಂದ ಅವರ ‘ಆನೆಸ್ಟ್ ಟು ಗಾಡ್’ ಪುಸ್ತಕದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಆಕಾಶದಾಚೆ ಕುಳಿತು ಲೋಕವನ್ನಾಳುವ ದೇವರನ್ನು ವಿಜ್ಞಾನಯುಗದ ಮನುಷ್ಯ ಒಪ್ಪಲಾರ. ದೇವರನ್ನು ಬದುಕಿನ ಆಳದಲ್ಲಿ, ಪ್ರೀತಿಯಲ್ಲಿ ಕಾಣಬೇಕು ಎಂಬುದು ಅವರ ವಾದ. ಇದರ ಬೇರುಗಳಿದ್ದುದು ಜರ್ಮನ್ ಚಿಂತಕರಾದ ಪಾಲ್ ಟಿಲಿಕ್, ರುಡಾಲ್ಫ್ ಬುಲ್ಟ್‌ಮನ್ ಅವರ ಬರಹಗಳಲ್ಲಿ. ನಾಜಿಗಳು 1945ರಲ್ಲಿ ಗಲ್ಲಿಗೇರಿಸಿದ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಸೆರೆಮನೆಯಿಂದ ಬರೆದ ಪತ್ರಗಳಲ್ಲಿ.

ಭಕ್ತರ ಸಂಕಟವೂ ಸುಳ್ಳಲ್ಲ. ಮೇಲೆ ಯಾರೂ ಇಲ್ಲವೆಂದರೆ ಪ್ರಾರ್ಥನೆಯನ್ನು ಕೇಳುವವರು ಯಾರು? ಆರ್ಚ್‌ಬಿಷಪ್ ಮೈಕೆಲ್ ರಾಮ್ಸಿ ಪುಸ್ತಕವನ್ನು ಬಹಿರಂಗವಾಗಿಯೇ ಟೀಕಿಸಿದರು. ಮುಂದೆ, ತಾವು ತೋರಿದ ಕಟುತನಕ್ಕೆ ವಿಷಾದಿಸಿದರು. ರಾಬಿನ್‌ಸನ್ ಮಾತ್ರ 1983ರಲ್ಲಿ ತೀರಿಕೊಳ್ಳುವವರೆಗೂ ಚರ್ಚನ್ನು ಬಿಡಲಿಲ್ಲ. ಪ್ರಶ್ನಿಸುವುದೂ ನಂಬಿಕೆಯ ಒಂದು ದಾರಿ ಎಂಬುದಕ್ಕೆ ಅವರ ಬದುಕೇ ಸಾಕ್ಷಿಯಾಯಿತು.